ಉಪ್ಪು, ಅಯೋಡಿನ್ ಮತ್ತು ಕೊರಳ ಗ್ರಂಥಿ

ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಎಂಬುದು ಕನ್ನಡನಾಡಿನ ಹಳೆಯ ಗಾದೆ. ರುಚಿಗೆ ಮೂಲವೆನಿಸಿದ ಈ ಉಪ್ಪು ಕಳೆದ ನೂರು ವರ್ಷಗಳಿಂದ ಮತ್ತೊಂದು ಹೊಣೆಯನ್ನೂ ಹೊತ್ತು ನಿಂತಿದೆ. ಕಣ್ಣಿಗೆ ಕಾಣದ, ನಾಲಗೆಗೆ ತಿಳಿಯದ ಅಯೋಡಿನ್ ಎಂಬ ಮೂಲವಸ್ತುವನ್ನು ಬಡವ ಬಲ್ಲಿದರೆಂಬ ಭೇದವಿಲ್ಲದೆ ಪ್ರತಿಯೊಬ್ಬರ ತಟ್ಟೆಗೂ ಮುಟ್ಟಿಸುವುದೇ ಆ ಹೊಣೆ. ಗಳಗಂಡವನ್ನು ವಿಧಿಲಿಖಿತವೆಂದು ಬಗೆದು ಜನರು ಬಾಳಿದ ಅನೇಕ ಪ್ರದೇಶಗಳಲ್ಲಿ ಇಂದು ಆ ವ್ಯಾಧಿ ವಿರಳವಾಗಿದ್ದರೆ ಅದರ ಶ್ರೇಯಸ್ಸು ಬಹುಮಟ್ಟಿಗೆ ಈ ಅಲ್ಪವಸ್ತುವಿಗೆ ಸಲ್ಲತಕ್ಕದ್ದು.

ರೋಗವು ಕಣ್ಮರೆಯಾದ ಕಡೆ ಅದರ ನೆನಪೂ ಮಾಸುವುದು ಸಹಜ. ಅಯೋಡಿನ್‌ಯುಕ್ತ ಉಪ್ಪಿನಿಂದಲೇ ಥೈರಾಯ್ಡ್ ಕಾಯಿಲೆ ಬರುತ್ತದೆಂದು ನಂಬಿ ಅದನ್ನು ತೊರೆದು, ಸೈಂಧವ ಲವಣವನ್ನೋ ಸಾದಾ ಹರಳುಪ್ಪನ್ನೋ ಹಿಡಿಯುವವರು ಒಂದು ಕಡೆ. ಅಯೋಡಿನ್ ಒಳ್ಳೆಯದಾದರೆ ಹೆಚ್ಚು ಅಯೋಡಿನ್ ಇನ್ನೂ ಒಳ್ಳೆಯದೆಂದು ತಿಳಿದು, ವೈದ್ಯರ ಮಾತಿಲ್ಲದೆ ಗುಳಿಗೆ, ಹನಿಗಳನ್ನು ಸೇವಿಸುವವರು ಇನ್ನೊಂದು ಕಡೆ. ಈ ಎರಡು ಬಗೆಯ ಭ್ರಮೆಗಳೂ ಹಾನಿಕರವೆಂಬುದನ್ನು ಈ ವಿಷಯದ ಇತಿಹಾಸವೇ ಸಾರುತ್ತದೆ. ಜೀವಮಾನವಿಡೀ ನಡೆಯಬೇಕಾದ ಅಯೋಡಿನ್ ಸೇವನೆಗೆ ಎರಡೇ ನಿಯಮಗಳು: ಅದು ನಿತ್ಯವಾಗಿರಬೇಕು, ಅದು ಮಿತವಾಗಿರಬೇಕು.

ಗ್ರಂಥಿಯ ಸ್ವರೂಪ ಮತ್ತು ಕಾರ್ಯ

ಕೊರಳಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳವನ್ನು ತಬ್ಬಿಕೊಂಡಂತೆ ಚಿಟ್ಟೆಯಾಕಾರದ ಒಂದು ಗ್ರಂಥಿಯಿದೆ. ಗುರಾಣಿ ಎಂಬ ಅರ್ಥದ ಗ್ರೀಕ್ ಪದದಿಂದ ಇದಕ್ಕೆ ಥೈರಾಯ್ಡ್ ಎಂಬ ಹೆಸರು ಬಂದಿತು. ವಯಸ್ಕರಲ್ಲಿ ಇದರ ತೂಕ ಸುಮಾರು 15ರಿಂದ 25 ಗ್ರಾಂ ಮಾತ್ರ. ಗಾತ್ರದಲ್ಲಿ ಕಿರಿದಾದರೂ ಕಾರ್ಯದಲ್ಲಿ ಇದು ಹಿರಿದು. ಇದು ಸ್ರವಿಸುವ ಥೈರಾಕ್ಸಿನ್ ಎಂಬ ಹಾರ್ಮೋನು ದೇಹದ ಉಷ್ಣ, ಹೃದಯದ ಗತಿ, ಎಲುಬಿನ ಬೆಳವಣಿಗೆ, ಎಲ್ಲಕ್ಕೂ ಮಿಗಿಲಾಗಿ ಮಿದುಳಿನ ವಿಕಾಸ ಇವೆಲ್ಲವನ್ನೂ ನಿಯಂತ್ರಿಸುತ್ತದೆ.

ಥೈರಾಕ್ಸಿನ್ನಿನ ಒಂದೊಂದು ಅಣುವಿನಲ್ಲಿಯೂ ಅಯೋಡಿನ್ನಿನ ನಾಲ್ಕು ಪರಮಾಣುಗಳಿವೆ. ಅದರಿಂದ ಹುಟ್ಟುವ ಹೆಚ್ಚು ಚುರುಕಾದ ಇನ್ನೊಂದು ಹಾರ್ಮೋನಿನಲ್ಲಿ ಮೂರು. ಆದುದರಿಂದ ಅಯೋಡಿನ್ ಇಲ್ಲದೆ ಈ ಗ್ರಂಥಿಗೆ ಕಾಯಕವೇ ಇಲ್ಲ. ದೇಹವು ಅಯೋಡಿನ್ನನ್ನು ತಾನಾಗಿ ಉತ್ಪಾದಿಸಲಾರದು. ಆಹಾರದಿಂದಲೇ ಅದು ಬರಬೇಕು. ವಯಸ್ಕರಿಗೆ ದಿನವೊಂದಕ್ಕೆ 150 ಮೈಕ್ರೋಗ್ರಾಂ, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 120, ಅದಕ್ಕೂ ಚಿಕ್ಕವರಿಗೆ 90, ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ 250 ಮೈಕ್ರೋಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ನಿಗದಿಪಡಿಸಿದೆ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗವೇ ಮೈಕ್ರೋಗ್ರಾಂ. ಎಪ್ಪತ್ತು ವರ್ಷ ಬಾಳುವ ಮನುಷ್ಯನಿಗೆ ಒಟ್ಟು ಬೇಕಾಗುವ ಅಯೋಡಿನ್ ನಾಲ್ಕು ಗ್ರಾಮನ್ನು ಮೀರದು. ಒಂದು ಚಿಕ್ಕ ಚಮಚೆಯೂ ತುಂಬಲಾರದು.

ಇಷ್ಟು ಅಲ್ಪವಾದುದನ್ನು ಒಮ್ಮೆಗೇ ನುಂಗಿ ನಿಶ್ಚಿಂತರಾಗಬಾರದೇಕೆ ಎಂಬ ಪ್ರಶ್ನೆ ಏಳಬಹುದು. ಆದರೆ ದೇಹದ ಉಗ್ರಾಣ ಅಷ್ಟು ದೊಡ್ಡದಲ್ಲ. ಆರೋಗ್ಯವಂತನ ಗ್ರಂಥಿಯು ಕೆಲವೇ ತಿಂಗಳಿಗೆ ಸಾಲುವಷ್ಟು ಹಾರ್ಮೋನನ್ನು ಮಾತ್ರ ಕೂಡಿಟ್ಟುಕೊಳ್ಳಬಲ್ಲದು. ಹೆಚ್ಚಾದ ಅಯೋಡಿನ್ ಮೂತ್ರದ ಮೂಲಕ ಹೊರಹೋಗುತ್ತದೆ. ಇಂದು ಉಂಡ ಅನ್ನ ಮುಂದಿನ ವರ್ಷದ ಹಸಿವೆಗೆ ಒದಗದಿರುವಂತೆಯೇ ಇದೂ ಕೂಡ. ನಿತ್ಯತೆಯ ನಿಯಮಕ್ಕೆ ಆಧಾರ ಇದು.

ಕೊರತೆಯ ಪರಿಣಾಮ

ಸಂಸ್ಕೃತದಲ್ಲಿ ಗಳವೆಂದರೆ ಕೊರಳು, ಗಂಡವೆಂದರೆ ಬಾವು ಅಥವಾ ಗೆಡ್ಡೆ. ಸುಶ್ರುತಸಂಹಿತೆಯ ನಿದಾನಸ್ಥಾನವು ಗಳಗಂಡವನ್ನು ಬೇರೆ ಗ್ರಂಥಿರೋಗಗಳೊಡನೆ ವಿವರಿಸುತ್ತದೆ. ವ್ಯಾಧಿಯು ಪುರಾತನವಾದರೂ ಅದರ ಕಾರಣವು ತಿಳಿದುದು ಈಚೆಗೆ. ಆಹಾರದಲ್ಲಿ ಅಯೋಡಿನ್ ಸಾಲದಾದಾಗ ರಕ್ತದಲ್ಲಿ ಥೈರಾಕ್ಸಿನ್ ಇಳಿಯುತ್ತದೆ. ಅದನ್ನು ಅರಿತ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಕಳುಹುತ್ತದೆ. ಮೇವಿಲ್ಲದ ಎತ್ತಿಗೆ ಬಾರುಕೋಲಿನ ಏಟು ಬಿದ್ದಂತೆ ಗ್ರಂಥಿಯು ಇದ್ದಷ್ಟರಲ್ಲಿಯೇ ದುಡಿಯಲು ಹೆಣಗಿ ಹೆಣಗಿ ದಪ್ಪವಾಗುತ್ತದೆ. ಕೊರಳಿನಲ್ಲಿ ಕಾಣುವ ಗೆಡ್ಡೆಯು ಈ ಹೆಣಗಾಟದ ಫಲ.

ಹಿಮ ಮತ್ತು ಮಳೆಗಳು ಯುಗಯುಗಗಳಿಂದ ಮಣ್ಣನ್ನು ತೊಳೆದ ಪರ್ವತ ಪ್ರದೇಶಗಳಲ್ಲಿ ನೆಲದ ಅಯೋಡಿನ್ ಹರಿದು ಕಡಲನ್ನು ಸೇರಿದೆ. ಅಲ್ಲಿ ಬೆಳೆದ ಧಾನ್ಯದಲ್ಲಾಗಲಿ, ಅಲ್ಲಿ ಮೇದ ಹಸುವಿನ ಹಾಲಿನಲ್ಲಾಗಲಿ ಅದು ಸಾಕಷ್ಟಿರದು. ಆಲ್ಪ್ಸ್, ಆಂಡೀಸ್, ಹಿಮಾಲಯಗಳು ಗಳಗಂಡದ ತವರಾದುದು ಈ ಕಾರಣದಿಂದ. ಆದರೆ ಬಯಲುನಾಡುಗಳೂ ಇದಕ್ಕೆ ಹೊರತಲ್ಲ. ಕರ್ನಾಟಕದಲ್ಲಿಯೂ ಚಿಕ್ಕಮಗಳೂರು, ಕೊಡಗು ಮೊದಲಾದ ಮಲೆನಾಡಿನ ಜಿಲ್ಲೆಗಳಲ್ಲಿ ಸಮೀಕ್ಷೆಗಳು ಗಳಗಂಡವನ್ನು ಗುರುತಿಸಿವೆ.

ಗೆಡ್ಡೆಯು ಕಣ್ಣಿಗೆ ಕಾಣುವ ಹಾನಿ; ಕಾಣದ ಹಾನಿ ಇನ್ನೂ ಘೋರವಾದುದು. ಗರ್ಭಸ್ಥ ಶಿಶುವಿನ ಥೈರಾಯ್ಡ್ ಗ್ರಂಥಿ ಮೊದಲ ತಿಂಗಳುಗಳಲ್ಲಿ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಆ ಅವಧಿಯಲ್ಲಿ ಶಿಶುವಿನ ಮಿದುಳು ಬೆಳೆಯುವುದು ತಾಯಿಯ ಥೈರಾಕ್ಸಿನ್ನಿನ ಬಲದಿಂದ. ತಾಯಿಯಲ್ಲಿ ತೀವ್ರ ಕೊರತೆಯಿದ್ದರೆ ಮಗು ಮೂಕತನ, ಕಿವುಡುತನ, ಕುಬ್ಜತೆ, ಬುದ್ಧಿಮಾಂದ್ಯಗಳಿಂದ ಕೂಡಿದ ಕ್ರೆಟಿನಿಸಂ ಎಂಬ ಸ್ಥಿತಿಯಲ್ಲಿ ಹುಟ್ಟಬಹುದು. ಕೊರತೆ ಅಲ್ಪವಾದರೆ ಮಗು ನೋಡಲು ಎಲ್ಲರಂತೆಯೇ ಇದ್ದು, ಗ್ರಹಣಶಕ್ತಿಯಲ್ಲಿ ಮಾತ್ರ ತುಸು ಹಿಂದುಳಿಯಬಹುದು. ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ದಡ್ಡನೆಂಬ ಹೆಸರು ಹೊತ್ತ ಬಾಲಕನ ಮಂದತೆಗೆ ಸೋಮಾರಿತನವೇ ಕಾರಣವೆಂದು ತೀರ್ಮಾನಿಸುವ ಮುನ್ನ ಅಧ್ಯಾಪಕರು ಈ ಮಾತನ್ನು ನೆನೆಯಬೇಕು. ಗರ್ಭದಲ್ಲಿ ಕಳೆದುಹೋದುದನ್ನು ಮುಂದೆ ಯಾವ ಪಾಠವೂ ಯಾವ ಔಷಧವೂ ಪೂರ್ತಿಯಾಗಿ ಮರಳಿಸಲಾರದು.

ಔಷಧದಿಂದ ಆಹಾರಕ್ಕೆ

1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಎಂಬ ಪೆಟ್ಲುಪ್ಪಿನ ತಯಾರಕನು ಕಡಲಪಾಚಿಯ ಬೂದಿಗೆ ಗಂಧಕಾಮ್ಲವನ್ನು ಬೆರೆಸಿದಾಗ ನೇರಿಳೆ ಬಣ್ಣದ ಆವಿ ಎದ್ದಿತು. ಆ ಬಣ್ಣದಿಂದಲೇ ಹೊಸ ಮೂಲವಸ್ತುವಿಗೆ ಅಯೋಡಿನ್ ಎಂಬ ಹೆಸರಾಯಿತು. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡದ ರೋಗಿಗಳಿಗೆ ಕೊಟ್ಟನು. ಅನೇಕರ ಗೆಡ್ಡೆಗಳು ಕುಗ್ಗಿದವು. ಆದರೆ ಕೆಲವರಿಗೆ ಎದೆಬಡಿತ, ನಡುಕ, ದೇಹಶೋಷಣೆಗಳು ಉಂಟಾದವು. ಅಯೋಡಿನ್ನಿನ ಗುಣವೂ ಅದರ ಅತಿರೇಕದ ದೋಷವೂ ಮೊದಲ ಚಿಕಿತ್ಸೆಯಲ್ಲಿಯೇ ಒಟ್ಟಾಗಿ ತಲೆದೋರಿದುದು ಗಮನಾರ್ಹ.

1830ರ ದಶಕದಲ್ಲಿ ಬೂಸೆಂಗೋ ಎಂಬ ಫ್ರೆಂಚ್ ವಿಜ್ಞಾನಿ ಆಂಡೀಸ್ ಪ್ರದೇಶದಲ್ಲಿ ಸಂಚರಿಸಿ, ಸಹಜವಾಗಿ ಅಯೋಡಿನ್ ಇರುವ ಉಪ್ಪನ್ನು ಬಳಸುವ ಜನರಲ್ಲಿ ಗಳಗಂಡವಿಲ್ಲದುದನ್ನು ಕಂಡು, ಉಪ್ಪಿನ ಮೂಲಕ ರೋಗವನ್ನು ತಡೆಯಬಹುದೆಂದು ಸೂಚಿಸಿದನು. ಆ ಸಲಹೆಯು ಕಾರ್ಯರೂಪಕ್ಕೆ ಬರಲು ಸುಮಾರು ತೊಂಬತ್ತು ವರ್ಷಗಳು ಹಿಡಿದವು. 1895ರಲ್ಲಿ ಜರ್ಮನಿಯ ಬೌಮನ್ ಥೈರಾಯ್ಡ್ ಗ್ರಂಥಿಯಲ್ಲಿಯೇ ಅಯೋಡಿನ್ ಇದೆಯೆಂದು ತೋರಿದನು. 1914ರಲ್ಲಿ ಅಮೆರಿಕದ ಕೆಂಡಲ್ ಥೈರಾಕ್ಸಿನ್ನನ್ನು ಬೇರ್ಪಡಿಸಿದನು.

ವಿದ್ಯಾಸಂಸ್ಥೆಗಳ ಪಾಲಿಗೆ ಸ್ಮರಣೀಯವಾದುದು 1917ರಲ್ಲಿ ಓಹಿಯೋ ಸಂಸ್ಥಾನದ ಏಕ್ರನ್ ಪಟ್ಟಣದಲ್ಲಿ ಮರೀನ್ ಮತ್ತು ಕಿಂಬಲ್ ಎಂಬ ವೈದ್ಯರು ಆರಂಭಿಸಿದ ಪ್ರಯೋಗ. ಅದು ನಡೆದುದು ಶಾಲಾಬಾಲಿಕೆಯರಲ್ಲಿ. ವರ್ಷಕ್ಕೆ ಎರಡು ಸಲ ಸೋಡಿಯಂ ಅಯೋಡೈಡನ್ನು ಸೇವಿಸಿದ 2190 ವಿದ್ಯಾರ್ಥಿನಿಯರಲ್ಲಿ ಕೇವಲ 5 ಮಂದಿಗೆ ಗ್ರಂಥಿಯು ದಪ್ಪವಾಯಿತು. ಸೇವಿಸದ 2305 ಮಂದಿಯಲ್ಲಿ 495 ಜನರಿಗೆ ದಪ್ಪವಾಯಿತು. ಇದರ ಬೆನ್ನಿಗೇ 1922ರಲ್ಲಿ ಸ್ವಿಟ್ಜರ್ಲೆಂಡ್, 1924ರಲ್ಲಿ ಅಮೆರಿಕದ ಮಿಷಿಗನ್ ಅಯೋಡಿನ್‌ಯುಕ್ತ ಉಪ್ಪನ್ನು ಬಳಕೆಗೆ ತಂದವು. ಕ್ರೆಟಿನಿಸಮ್ಮಿಗೆ ಕುಖ್ಯಾತವಾಗಿದ್ದ ಸ್ವಿಸ್ ಕಣಿವೆಗಳಲ್ಲಿ ಮುಂದಿನ ತಲೆಮಾರಿನಲ್ಲಿ ಅಂತಹ ಶಿಶುಗಳ ಜನನವೇ ನಿಂತುಹೋಯಿತು. ಆ ದೇಶವು ಮೂತ್ರಪರೀಕ್ಷೆಗಳ ಆಧಾರದಿಂದ ಉಪ್ಪಿನಲ್ಲಿನ ಪ್ರಮಾಣವನ್ನು ಆಗಾಗ ತಿದ್ದುತ್ತ ನೂರು ವರ್ಷಗಳಿಂದಲೂ ಈ ವ್ರತವನ್ನು ಬಿಡದೆ ನಡೆಸಿಕೊಂಡು ಬಂದಿದೆ.

ಕಾಂಗ್ರಾ ಕಣಿವೆಯ ಪ್ರಯೋಗ

ಭಾರತದಲ್ಲಿ ಈ ವಿಷಯದ ನಿರ್ಣಾಯಕ ಅಧ್ಯಯನವು 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಮೊದಲಾಯಿತು. ಇಂದು ಹಿಮಾಚಲ ಪ್ರದೇಶದಲ್ಲಿರುವ ಈ ಕಣಿವೆ ಆಗ ಪಂಜಾಬಿಗೆ ಸೇರಿತ್ತು. ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಹೋದ್ಯೋಗಿಗಳೂ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್‌ಯುಕ್ತ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಒದಗಿಸಿದರು. 1962ರ ವೇಳೆಗೆ ಅಯೋಡಿನ್ ಪಡೆದ ಎರಡು ವಲಯಗಳಲ್ಲಿ ಶಾಲಾ ಮಕ್ಕಳ ಗಳಗಂಡವು ಸುಮಾರು ಅರ್ಧಕ್ಕೆ ಇಳಿದಿತ್ತು. ಸಾದಾ ಉಪ್ಪಿನ ವಲಯದಲ್ಲಿ ಅದು ಹಾಗೆಯೇ ಉಳಿದಿತ್ತು. ಬಳಿಕ ಆ ವಲಯಕ್ಕೂ ಅಯೋಡಿನ್ ದೊರೆಯಿತು. ಆರ್ದ್ರವಾದ ಹವೆಯಲ್ಲಿ ಅಯೋಡೈಡಿಗಿಂತ ಪೊಟ್ಯಾಸಿಯಂ ಅಯೋಡೇಟ್ ಹೆಚ್ಚು ಸ್ಥಿರವಾಗಿ ನಿಲ್ಲುವುದರಿಂದ ಭಾರತದ ಉಪ್ಪಿಗೆ ಅದನ್ನೇ ಬೆರೆಸುವುದು ರೂಢಿಯಾಯಿತು.

1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಜಾರಿಗೆ ಬಂದಿತು. ಕೆಲವು ಪ್ರದೇಶಗಳಿಗೆ ಮಾತ್ರ ಉಪ್ಪನ್ನು ಕೊಟ್ಟರೆ ಸಾಲದೆಂದು ಕಂಡುದರಿಂದ 1984ರಲ್ಲಿ ತಿನ್ನುವ ಉಪ್ಪಿಗೆಲ್ಲ ಅಯೋಡಿನ್ ಬೆರೆಸಲು ನಿರ್ಧರಿಸಲಾಯಿತು. 1992ರಲ್ಲಿ ಕಾರ್ಯಕ್ರಮದ ಹೆಸರಿನಲ್ಲಿ ಗಳಗಂಡದ ಬದಲು ಅಯೋಡಿನ್ ಕೊರತೆಯ ದೋಷಗಳು ಎಂಬ ಮಾತು ಬಂದಿತು. ಹಾನಿಯು ಕೊರಳಿಗಿಂತ ಮಿದುಳಿಗೆ ಹೆಚ್ಚೆಂಬ ಅರಿವು ಅದರಲ್ಲಿ ಅಡಗಿದೆ. ಸಾದಾ ಉಪ್ಪಿನ ಮಾರಾಟಕ್ಕೆ ಹಾಕಿದ್ದ ದೇಶವ್ಯಾಪಿ ನಿಷೇಧವನ್ನು 2000ದಲ್ಲಿ ತೆಗೆಯಲಾಯಿತಾದರೂ 2006ರ ಮೇ ತಿಂಗಳಿಂದ ಮತ್ತೆ ಜಾರಿಗೆ ತರಲಾಯಿತು. ಮನೆಗಳಲ್ಲಿ ಬಳಸುವ ಉಪ್ಪಿನಲ್ಲಿ ಹತ್ತು ಲಕ್ಷ ಭಾಗಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕೆಂಬುದು ನಿಯಮ. ದೇಶದ ಶೇಕಡಾ 90ಕ್ಕೂ ಹೆಚ್ಚು ಮನೆಗಳಲ್ಲಿ ಅಯೋಡಿನ್ ಬೆರೆತ ಉಪ್ಪು ಬಳಕೆಯಲ್ಲಿದೆಯೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ತಿಳಿಸುತ್ತವೆ.

ವ್ರತಭಂಗದ ಫಲವನ್ನು ತೋರುವ ನಿದರ್ಶನಗಳೂ ಇವೆ. ಸೋವಿಯತ್ ಒಕ್ಕೂಟದಲ್ಲಿ ಬಹುಕಾಲ ನಡೆದ ಉಪ್ಪಿನ ವ್ಯವಸ್ಥೆಯು 1991ರ ವಿಘಟನೆಯ ನಂತರ ಕುಸಿದಾಗ ಮಧ್ಯ ಏಷ್ಯಾದ ನಾಡುಗಳಲ್ಲಿ ಗಳಗಂಡವು ಮರಳಿ ಬಂದಿತು. ಮಣ್ಣಿನ ಗುಣ ಬದಲಾಗುವುದಿಲ್ಲ. ಆದುದರಿಂದ ಪರಿಹಾರವೂ ನಿಲ್ಲುವಂತಿಲ್ಲ.

ಅತಿಯಾದರೆ ಅಮೃತವೂ ವಿಷ

ಇನ್ನು ಮಿತದ ವಿಚಾರ. ಒಮ್ಮೆಗೇ ಅತಿಯಾದ ಅಯೋಡಿನ್ ಒಳಸೇರಿದಾಗ ಆರೋಗ್ಯವಂತ ಗ್ರಂಥಿಯು ಕೆಲವು ದಿನ ಬಾಗಿಲು ಹಾಕಿಕೊಂಡು ಹಾರ್ಮೋನಿನ ತಯಾರಿಕೆಯನ್ನು ತಗ್ಗಿಸುತ್ತದೆ. ಆಮೇಲೆ ಹೊಂದಿಕೊಂಡು ಎಂದಿನಂತೆ ನಡೆಯುತ್ತದೆ. 1948ರಲ್ಲಿ ಇದನ್ನು ವಿವರಿಸಿದ ವುಲ್ಫ್ ಮತ್ತು ಚೈಕಾಫ್ ಅವರ ಹೆಸರಿನಿಂದಲೇ ಈ ಕ್ರಿಯೆ ಪ್ರಸಿದ್ಧವಾಗಿದೆ. ಆದರೆ ಗರ್ಭಸ್ಥ ಶಿಶುವಿನ ಗ್ರಂಥಿಗಾಗಲಿ ಮೊದಲೇ ಉರಿಯೂತವಿರುವ ಗ್ರಂಥಿಗಾಗಲಿ ಹೀಗೆ ಹೊಂದಿಕೊಳ್ಳುವ ಶಕ್ತಿ ಕಡಿಮೆ. ಅಂತಹ ಗ್ರಂಥಿಯ ಬಾಗಿಲು ಮುಚ್ಚಿದಂತೆಯೇ ಉಳಿದು ಹಾರ್ಮೋನಿನ ಕೊರತೆಯುಂಟಾಗಬಹುದು. ಕಡಲಪಾಚಿಯನ್ನು ಯಥೇಚ್ಛವಾಗಿ ತಿನ್ನುವ ಜಪಾನಿನ ಹೊಕೈಡೊ ಕರಾವಳಿಯಲ್ಲಿ ಅಯೋಡಿನ್ ಹೆಚ್ಚಾಗಿಯೇ ಗಳಗಂಡ ಬಂದುದನ್ನು ವೈದ್ಯರು ದಾಖಲಿಸಿದ್ದಾರೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಬಹುಕಾಲ ಕೊರತೆಯಲ್ಲಿದ್ದ ಹಿರಿಯರ ಗ್ರಂಥಿಯಲ್ಲಿ ಪಿಟ್ಯುಟರಿಯ ಅಂಕೆಗೆ ಒಳಪಡದ ಗಂಟುಗಳು ಬೆಳೆದಿರುತ್ತವೆ. ಅವುಗಳಿಗೆ ಹಠಾತ್ತನೆ ಅಯೋಡಿನ್ ದೊರೆತರೆ ಹಾರ್ಮೋನು ಮಿತಿಮೀರಿ ಸುರಿಯುತ್ತದೆ. 1966ರಲ್ಲಿ ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ ಬ್ರೆಡ್ಡಿಗೆ ಅಯೋಡೇಟ್ ಬೆರೆಸತೊಡಗಿದಾಗ ಇಂತಹ ರೋಗಿಗಳ ಸಂಖ್ಯೆ ಏರಿ, ಕೆಲವು ವರ್ಷಗಳಲ್ಲಿ ಇಳಿಯಿತು. 2000ದಲ್ಲಿ ಕಡ್ಡಾಯ ಕ್ರಮ ಕೈಗೊಂಡ ಡೆನ್ಮಾರ್ಕಿನಲ್ಲಿಯೂ ಹಾಗೆಯೇ ಆಗಿ, ಅನಂತರ ಆ ರೋಗವು ಮೊದಲಿಗಿಂತಲೂ ಕೆಳಗಿಳಿಯಿತು.

ದೀರ್ಘಕಾಲದ ಪರಿಣಾಮವನ್ನು ಅಳೆದ ಒಂದು ಪ್ರಸಿದ್ಧ ಅಧ್ಯಯನವು ಚೀನಾದಲ್ಲಿ ನಡೆದು 2006ರಲ್ಲಿ ಪ್ರಕಟವಾಯಿತು. ಅಲ್ಪ ಕೊರತೆಯ, ಸಾಕಷ್ಟಕ್ಕೂ ಮಿಗಿಲಾದ, ಮತ್ತು ಅತಿಯಾದ ಅಯೋಡಿನ್ ಸೇವನೆಯ ಮೂರು ಪ್ರದೇಶಗಳ ಜನರನ್ನು ಐದು ವರ್ಷ ಅನುಸರಿಸಿದಾಗ, ಲಕ್ಷಣಗಳು ಇನ್ನೂ ತೋರದ ಸೌಮ್ಯ ಹಾರ್ಮೋನ್ ಕೊರತೆಯು ಕ್ರಮವಾಗಿ ಶೇಕಡಾ 0.2, 2.6 ಮತ್ತು 2.9 ಮಂದಿಯಲ್ಲಿ ಹೊಸದಾಗಿ ಕಂಡುಬಂದಿತು. ಪ್ರಕಟವಾದ ರೋಗವಾದರೋ ಮೂರೂ ಕಡೆ ಶೇಕಡಾ ಅರ್ಧವನ್ನು ಮೀರಲಿಲ್ಲ. ಇದರಿಂದ ಏರ್ಪಡುವ ಪಾಠ ಸ್ಪಷ್ಟ: ಹೆಚ್ಚಿಗೆ ಸುರಿದುದರಿಂದ ಲಾಭವಿಲ್ಲ, ತುಸು ಹಾನಿಯೇ ಉಂಟು. ಆದರೆ ಕೊರತೆಯು ಒಂದು ಪೀಳಿಗೆಯ ಬುದ್ಧಿಯನ್ನೇ ಕುಗ್ಗಿಸಬಲ್ಲುದಾದರೆ, ಈ ಹಾನಿಯು ಬಹುಪಾಲು ಸೌಮ್ಯವಾದುದು, ರಕ್ತಪರೀಕ್ಷೆಗೆ ನಿಲುಕುವಂತಹುದು, ಚಿಕಿತ್ಸೆಗೆ ಒಗ್ಗುವಂತಹುದು.

ಉಪ್ಪಿನಿಂದ ಬರುವ ಅಯೋಡಿನ್ ಈ ಅತಿರೇಕದಿಂದ ಬಹುದೂರ. ಒಂದು ಗ್ರಾಂ ಉಪ್ಪಿನಲ್ಲಿ 15 ಮೈಕ್ರೋಗ್ರಾಂ ಇದ್ದರೆ ಹತ್ತು ಗ್ರಾಂ ಉಪ್ಪಿನಲ್ಲಿ 150. ರಕ್ತದೊತ್ತಡಕ್ಕೆ ಹೆದರಿ ಉಪ್ಪನ್ನು ಐದು ಗ್ರಾಮಿಗೆ ಇಳಿಸಿದವರಿಗೂ 30 ಭಾಗ ಅಯೋಡಿನ್ ಇರುವ ಉಪ್ಪು ಅಷ್ಟನ್ನೇ ಒದಗಿಸುತ್ತದೆ. ಆದರೆ ಲ್ಯೂಗಾಲ್ ದ್ರಾವಣದ ಒಂದೇ ಹನಿಯಲ್ಲಿ ಸುಮಾರು 6 ಮಿಲಿಗ್ರಾಂ, ಎಂದರೆ ನಲವತ್ತು ದಿನಗಳ ಅಯೋಡಿನ್ ಇದೆ. ಕಡಲಪಾಚಿಯ ಗುಳಿಗೆಗಳಲ್ಲಿ ಎಷ್ಟಿರುವುದೆಂಬುದಕ್ಕೆ ಒಂದು ಕಟ್ಟುಪಾಡಿಲ್ಲ. ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್ ಮಾತ್ರೆಯೊಂದರಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇರುವುದರಿಂದಲೇ ಅದನ್ನು ಸೇವಿಸುವವರ ಥೈರಾಯ್ಡನ್ನು ವೈದ್ಯರು ಆಗಾಗ ಪರೀಕ್ಷಿಸುವುದು.

ಉಪ್ಪನ್ನು ತೊರೆಯುವುದು ಸರಿಯೆ?

ಅಯೋಡಿನ್ ಸಿಗುತ್ತಿದ್ದರೂ ಇಂದು ಥೈರಾಯ್ಡ್ ರೋಗಿಗಳು ಇಷ್ಟೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಬೆಂಗಳೂರನ್ನೂ ಒಳಗೊಂಡ ಎಂಟು ನಗರಗಳ ಅಧ್ಯಯನವೊಂದು 2013ರಲ್ಲಿ ವಯಸ್ಕರಲ್ಲಿ ಶೇಕಡಾ ಸುಮಾರು 11 ಮಂದಿಗೆ ಹಾರ್ಮೋನಿನ ಕೊರತೆಯಿದೆಯೆಂದು ತಿಳಿಸಿತು. ಅಯೋಡಿನ್ ಸಾಕಷ್ಟಿರುವ ನಾಡುಗಳಲ್ಲಿ ಈ ರೋಗಕ್ಕೆ ಪ್ರಧಾನ ಕಾರಣ, ದೇಹದ ರಕ್ಷಕ ಶಕ್ತಿಯು ತನ್ನದೇ ಗ್ರಂಥಿಯನ್ನು ಹಗೆಯೆಂದು ತಪ್ಪಾಗಿ ಬಗೆದು ಅದರ ಮೇಲೆರಗುವುದು. 1912ರಲ್ಲಿ ಜಪಾನಿನ ಹಶಿಮೊಟೊ ವರ್ಣಿಸಿದ ಈ ವ್ಯಾಧಿಯಲ್ಲಿ ವಂಶಗುಣದ ಪಾಲು ದೊಡ್ಡದು. ಸ್ತ್ರೀಯರಲ್ಲಿ ಇದು ಹೆಚ್ಚು. ರಕ್ತಪರೀಕ್ಷೆಯು ಸುಲಭವಾದುದರಿಂದ ಹಿಂದೆ ಗುರುತಿಗೆ ಬಾರದೆ ಉಳಿಯುತ್ತಿದ್ದವರೂ ಈಗ ಲೆಕ್ಕಕ್ಕೆ ಬರುತ್ತಾರೆ. ಇಂತಹ ರೋಗಿಯು ಅಯೋಡಿನ್‌ಯುಕ್ತ ಉಪ್ಪನ್ನು ಬಿಟ್ಟಮಾತ್ರಕ್ಕೆ ರೋಗ ವಾಸಿಯಾಗದು. ಥೈರಾಕ್ಸಿನ್ ಮಾತ್ರೆಯನ್ನು ಕ್ರಮವಾಗಿ ಸೇವಿಸುವುದೇ ಮಾರ್ಗ. ಹಾರ್ಮೋನು ಅತಿಯಾದ ರೋಗಿಗಳ ಪಥ್ಯವನ್ನು ವೈದ್ಯರೇ ನಿರ್ಣಯಿಸಬೇಕು. ಒಬ್ಬರ ಪಥ್ಯಕ್ಕಾಗಿ ಮನೆಯ ಗರ್ಭಿಣಿಗೂ ಮಕ್ಕಳಿಗೂ ಅಯೋಡಿನ್ ತಪ್ಪಿಸುವುದು ಅವಿವೇಕ.

ಕಡಲ ಉಪ್ಪಿನಲ್ಲಿ ಅಯೋಡಿನ್ ಸಹಜವಾಗಿ ಸಾಕಷ್ಟಿದೆಯೆಂಬ ನಂಬಿಕೆಯೂ ನಿಲ್ಲುವಂತಹುದಲ್ಲ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದರೆ ಅಯೋಡಿನ್ ಇರುವುದು ಸುಮಾರು 60 ಮೈಕ್ರೋಗ್ರಾಂ ಮಾತ್ರ. ಅದಷ್ಟೂ ಹರಳಿನಲ್ಲಿ ಉಳಿಯಿತೆಂದು ಭಾವಿಸಿದರೂ ಹತ್ತು ಗ್ರಾಂ ಉಪ್ಪಿನಿಂದ ದೊರೆಯುವುದು 20 ಮೈಕ್ರೋಗ್ರಾಮಿಗೂ ಕಡಿಮೆ. ಸೈಂಧವದ ಮಾತೂ ಇದೇ. ಸಾಣಿಕಟ್ಟೆಯ ಉಪ್ಪಿರಲಿ, ಬೇರೆ ಯಾವ ಆಗರದ ಉಪ್ಪಿರಲಿ, ಅಯೋಡಿನ್ ಬೆರೆಸಿದಾಗಲೇ ಅದು ಈ ಕಾರ್ಯಕ್ಕೆ ಒದಗುವುದು. ಎಲೆಕೋಸು, ಮರಗೆಣಸು, ಉತ್ತರ ಕರ್ನಾಟಕದ ಊಟದ ಸಜ್ಜೆ ಇವುಗಳಲ್ಲಿ ಗ್ರಂಥಿಯ ಕಾರ್ಯಕ್ಕೆ ತುಸು ಅಡ್ಡಿಯೊಡ್ಡುವ ಅಂಶಗಳಿವೆಯಾದರೂ ಅಯೋಡಿನ್ ಸಾಕಷ್ಟಿದ್ದವರು ಹಿತಮಿತವಾಗಿ ಇವುಗಳನ್ನು ಉಣ್ಣಲು ಹೆದರಬೇಕಾಗಿಲ್ಲ.

ಪ್ರಸಾದ ನಿಲಯದ ಅಡುಗೆಮನೆ

ಮಠಗಳ ಆಶ್ರಯದ ಪ್ರಸಾದ ನಿಲಯಗಳಲ್ಲಿ ನೂರಾರು ಮಕ್ಕಳು ಒಂದೇ ಒಲೆಯ ಅಡುಗೆಯನ್ನು ವರ್ಷಾನುಗಟ್ಟಲೆ ಉಣ್ಣುತ್ತಾರೆ. ಅಲ್ಲಿನ ಉಪ್ಪಿನ ಚೀಲವೊಂದರ ಆಯ್ಕೆಯು ಅಷ್ಟು ಮಕ್ಕಳ ಭಾಗ್ಯಕ್ಕೆ ಸಂಬಂಧಿಸಿದುದು. ದನಕರುಗಳಿಗೂ ಹದಮಾಡುವ ಕೆಲಸಗಳಿಗೂ ಮಾರುವ ಸಾದಾ ಉಪ್ಪು ಅಗ್ಗವಾದರೂ ಅಡುಗೆಮನೆಗೆ ಬರಬಾರದು. ಚೀಲದ ಮೇಲೆ ಅಯೋಡಿನ್‌ಯುಕ್ತವೆಂಬ ಬರಹವನ್ನೂ ತಯಾರಿಸಿದ ತಿಂಗಳನ್ನೂ ನೋಡಿ ಕೊಳ್ಳಬೇಕು. ಹರಳುಪ್ಪನ್ನು ತೊಳೆದು ಬಳಸುವ ರೂಢಿ ಕೆಲವೆಡೆ ಇದೆ. ಮಣ್ಣಿನೊಡನೆ ಅಯೋಡಿನ್ನೂ ತೊಳೆದುಹೋಗುವುದರಿಂದ ಅದನ್ನು ಬಿಡಬೇಕು. ಬಿಸಿಲು ಮತ್ತು ತೇವಗಳಿಗೆ ಒಡ್ಡದೆ, ಮುಚ್ಚಳವಿರುವ ಪಾತ್ರೆಯಲ್ಲಿ ಉಪ್ಪನ್ನಿಟ್ಟು, ಸಾರು ಪಲ್ಯಗಳು ಬೆಂದ ಮೇಲೆ ಹಾಕಿದರೆ ನಷ್ಟ ಕಡಿಮೆ.

ಆರೋಗ್ಯ ಇಲಾಖೆಯ ಕಾರ್ಯಕರ್ತರಲ್ಲಿರುವ ಪರೀಕ್ಷಾ ದ್ರಾವಣದ ಒಂದು ಹನಿಯನ್ನು ಉಪ್ಪಿನ ಮೇಲೆ ಬಿಟ್ಟರೆ, ಅಯೋಡಿನ್ ಇದ್ದ ಪಕ್ಷದಲ್ಲಿ ಉಪ್ಪು ನೀಲಿ ಅಥವಾ ನೇರಿಳೆ ಬಣ್ಣಕ್ಕೆ ತಿರುಗುತ್ತದೆ. ವಿಜ್ಞಾನದ ಅಧ್ಯಾಪಕರು ಮಕ್ಕಳು ಮನೆಯಿಂದ ತಂದ ಚಿಟಿಕೆ ಉಪ್ಪನ್ನು ತರಗತಿಯಲ್ಲಿಯೇ ಹೀಗೆ ಪರೀಕ್ಷಿಸಿ ತೋರಿಸಿದರೆ ಪಾಠವು ಪುಸ್ತಕದಿಂದ ಅಡುಗೆಮನೆಗೆ ನಡೆದು ಹೋಗುತ್ತದೆ. ದಾಸೋಹಕ್ಕೆ ಅಕ್ಕಿ ಬೇಳೆಗಳನ್ನು ಅರ್ಪಿಸುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಉಪ್ಪನ್ನು ಕೊಡುವಾಗ ಅಯೋಡಿನ್‌ಯುಕ್ತವಾದುದನ್ನೇ ಕೊಟ್ಟರೆ ಅದು ಅನ್ನದಾನವೂ ಹೌದು, ವಿದ್ಯಾದಾನವೂ ಹೌದು.

ದೇಹವನ್ನೇ ದೇಗುಲವೆಂದು ಬಗೆದು ಅದನ್ನು ಶುಚಿಯಾಗಿ, ಸಮರ್ಥವಾಗಿ ಇರಿಸಿಕೊಳ್ಳುವುದನ್ನು ಧರ್ಮವೆಂದು ಎಣಿಸಿದ ಶರಣರ ಪರಂಪರೆಗೆ ನಿತ್ಯ ಮತ್ತು ಮಿತ ಎಂಬ ಈ ಎರಡು ಮಾತುಗಳು ಹೊಸವಲ್ಲ. ಕಾಯಕವು ನಿತ್ಯವಾಗಿದ್ದಾಗಲೂ ಪ್ರಸಾದವು ಮಿತವಾಗಿದ್ದಾಗಲೂ ಬಾಳು ಹಸನಾಗುತ್ತದೆಂಬುದನ್ನು ಆ ಪರಂಪರೆ ಬಲ್ಲದು. ಉಪ್ಪಿನ ಹರಳಿನಲ್ಲಿ ಅಡಗಿದ ಅಣುಮಾತ್ರದ ಅಯೋಡಿನ್ನಿಗೂ ಅನ್ವಯಿಸುವ ಧರ್ಮ ಅದೇ. ಅದನ್ನು ದಿನವೂ ತಪ್ಪದೆ, ಎಂದೂ ಮಿತಿಮೀರದೆ ಸ್ವೀಕರಿಸುವ ನಾಡಿನಲ್ಲಿ ಮಕ್ಕಳ ಕೊರಳು ನಿರ್ಮಲವಾಗಿಯೂ ಬುದ್ಧಿ ಬೆಳಗಿಯೂ ಇರುತ್ತದೆ.